ಕಾಲುದಾರಿ ಉಳಿಯುವುದು ಹೇಗೆ?

ಕಾಡಿನ ಕಾಲುದಾರಿಯಲ್ಲಿ ನಡೆಯುವಾಗ, ಅದು ಮೊದಲಿನಿಂದಲೂ ಹಾಗೆಯೇ ಇತ್ತೆಂದು ನಿಮಗೆ ಅನ್ನಿಸಬಹುದು. ಆದರೆ ಕೆಲವು ಮಳೆಗಾಲ ಯಾರೂ ನೋಡಿಕೊಳ್ಳದಿದ್ದರೆ ಪೊದೆ ಬೆಳೆದು, ಮರ ಬಿದ್ದು, ಮಣ್ಣು ಕೊಚ್ಚಿಹೋಗಿ ದಾರಿಯೇ ಮರೆಯಾಗುತ್ತದೆ. ದಾರಿ ಮಾಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಸಂಬಳವಿಲ್ಲದೆ ಈ ಕೆಲಸ ಮಾಡುವವರೂ ಇದ್ದಾರೆ.

ಅಮೆರಿಕದ ಪೂರ್ವಭಾಗದಲ್ಲಿ ಅಪಲಾಚಿಯನ್ ಎಂಬ ಪರ್ವತಶ್ರೇಣಿಯಿದೆ. ಅದರ ಉದ್ದಕ್ಕೂ ಒಂದು ಕಾಲುದಾರಿ ಬೇಕೆಂದು ಬೆಂಟನ್ ಮೆಕಾಯ್ ಎಂಬ ಅರಣ್ಯತಜ್ಞರು 1921ರಲ್ಲಿ ಸೂಚಿಸಿದರು. 1937ರಲ್ಲಿ ಅದು ಪೂರ್ಣಗೊಂಡಿತು. ಜಾರ್ಜಿಯದಿಂದ ಮೇನ್‌ವರೆಗೆ 14 ರಾಜ್ಯಗಳನ್ನು ಹಾದುಹೋಗುವ ಈ ದಾರಿಯ ಉದ್ದ ಸುಮಾರು 3,500 ಕಿಲೋಮೀಟರ್. ಇದನ್ನು ಕಾಪಾಡುವವರಲ್ಲಿ ಹೆಚ್ಚಿನವರು ಸ್ವಯಂಸೇವಕರು. ಸುಮಾರು 30 ಸಂಘಗಳು ದಾರಿಯನ್ನು ಹಂಚಿಕೊಂಡಿವೆ. ಒಂದೊಂದು ಸಂಘಕ್ಕೂ ಒಂದೊಂದು ಭಾಗ. ಮರಗಳ ಮೇಲೆ ಬಿಳಿಯ ಪಟ್ಟಿ ಬಳಿದು ದಾರಿ ತೋರಿಸುವವರೂ ಇವರೇ.

ಇವರ ಮುಖ್ಯ ಹೋರಾಟ ಯಾರೊಡನೆ ಬಲ್ಲಿರಾ? ನೀರಿನೊಡನೆ! ಬೆಟ್ಟದ ದಾರಿಯಲ್ಲಿ ಮಳೆನೀರು ನಿಲ್ಲದೆ ಹರಿದರೆ, ಅದು ಮಣ್ಣನ್ನು ಕೊರೆದು ದಾರಿಯನ್ನು ತೋಡಾಗಿಸುತ್ತದೆ. ಆದ್ದರಿಂದ ದಾರಿಯನ್ನು ಕಣಿವೆಯ ಕಡೆಗೆ ತುಸು ಓರೆಯಾಗಿ ಕಡಿಯುತ್ತಾರೆ. ಅಲ್ಲಲ್ಲಿ ದಾರಿಗೆ ಓರೆಯಾಗಿ ಕಲ್ಲು ಅಥವಾ ಮರದ ದಿಮ್ಮಿಯನ್ನು ಹೂಳುತ್ತಾರೆ. ಅದಕ್ಕೆ ತಗಲಿದ ನೀರು ಪಕ್ಕಕ್ಕೆ ಹರಿದುಹೋಗುತ್ತದೆ. ಅದರ ಹಿಂದೆ ಎಲೆ, ಮಣ್ಣು ತುಂಬಿಕೊಂಡರೆ ನೀರು ಮತ್ತೆ ದಾರಿಗೇ ಇಳಿಯುತ್ತದೆ. ಆದ್ದರಿಂದ ಅದನ್ನು ಆಗಾಗ ಬಿಡಿಸಬೇಕು. ಮಳೆಗಾಲಕ್ಕೆ ಮೊದಲು ಅಡಿಕೆ ತೋಟದ ಕಣಿ ಬಿಡಿಸುವುದನ್ನು ಕಂಡವರಿಗೆ ಈ ಕೆಲಸ ಹೊಸತಲ್ಲ.

ಕಡಿದಾದ ಏರಿನಲ್ಲಿ ದಾರಿಯನ್ನು ನೇರವಾಗಿ ಒಯ್ಯದೆ ಹಾವಿನಂತೆ ಬಳಸಿ ಒಯ್ಯುತ್ತಾರೆ. ಬೇಗ ತಲಪಬೇಕೆಂದು ಕೆಲವರು ತಿರುವು ಬಿಟ್ಟು ನೇರ ಇಳಿಯುತ್ತಾರೆ. ಅವರ ಹೆಜ್ಜೆಗೆ ಗಿಡ ಸಾಯುತ್ತದೆ, ಮಣ್ಣು ಸಡಿಲವಾಗುತ್ತದೆ. ಮುಂದಿನ ಮಳೆಗೆ ನೀರೂ ಅದೇ ಹಾದಿ ಹಿಡಿಯುತ್ತದೆ. ಹಲವರು ಬೆವರು ಸುರಿಸಿ ಮಾಡಿದ ಕೆಲಸ ಹೀಗೆ ಕೆಡುತ್ತದೆ.

ಬಿದ್ದ ಮರವನ್ನು ತೆಗೆಯುವುದು ಇನ್ನೊಂದು ಕೆಲಸ. ಬಾಗಿ ಸಿಕ್ಕಿಕೊಂಡ ಕೊಂಬೆ, ಕೊಯ್ದೊಡನೆ ಬಿಲ್ಲಿನಂತೆ ಚಿಮ್ಮಿ ಪ್ರಾಣಕ್ಕೇ ಅಪಾಯ ತರಬಹುದು. ಆದ್ದರಿಂದ ಗರಗಸ ಹಿಡಿಯುವವರಿಗೆ ತರಬೇತಿ ಬೇಕು. ಕಾನೂನಿನಂತೆ ವನ್ಯಪ್ರದೇಶವೆಂದು ಘೋಷಿಸಿದ ಕಾಡುಗಳಲ್ಲಿ ಯಂತ್ರದ ಗರಗಸಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ಅಲ್ಲಿ ಇಬ್ಬರು ಎರಡು ತುದಿ ಹಿಡಿದು ಎಳೆಯುವ ಗರಗಸವೇ ಗತಿ.

2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಈ ದಾರಿಯ ದಕ್ಷಿಣ ಭಾಗಕ್ಕೆ ಅಪ್ಪಳಿಸಿತು. ಅಸಂಖ್ಯ ಮರಗಳು ಉರುಳಿದವು, ಸೇತುವೆಗಳು ಕೊಚ್ಚಿಹೋದವು. ಆಗಲೂ ಸ್ವಯಂಸೇವಕರು ಗರಗಸ, ಗುದ್ದಲಿ ಹಿಡಿದು ಕಾಡಿಗೆ ಹೊರಟರು.

ನೀವು ಬೆಟ್ಟ ಹತ್ತುವಾಗ ದಾರಿಗೆ ಓರೆಯಾಗಿ ಹೂತ ಒಂದು ಕಲ್ಲು ಕಂಡರೆ ಅದನ್ನು ಕೀಳಬೇಡಿರಿ. ತಿರುವನ್ನು ಬಿಟ್ಟು ನುಗ್ಗಬೇಡಿರಿ. ದಾರಿ ಕಾಯುವ ಕೆಲಸದಲ್ಲಿ ನಡೆಯುವವರ ಪಾಲೂ ಇದೆ.