ಕಾರಿನ ಹಾಡು ನಡುದಾರಿಯಲ್ಲಿ ನಿಂತಾಗ: ಆಂಪ್ಲಿಫೈಯರ್ ಕಾವೇರದಂತೆ ಕಾಪಾಡುವ ಬಗೆ

ಮೇ ತಿಂಗಳ ಒಂದು ಮಧ್ಯಾಹ್ನ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮದುವೆಯ ಊಟ ಮುಗಿಸಿ, ಎರಡು ಗಂಟೆ ಬಿಸಿಲಿನಲ್ಲಿ ನಿಂತಿದ್ದ ಕಾರನ್ನು ಹತ್ತಿ ಹೊರಟಿದ್ದೀರಿ. ಹಾಡು ಹಾಕಿ ಕಾಲು ಗಂಟೆಯೂ ಕಳೆದಿಲ್ಲ, ಧ್ವನಿ ಥಟ್ಟನೆ ನಿಂತುಹೋಗುತ್ತದೆ. ಸ್ಟೀರಿಯೊದ ಪರದೆಯ ಮೇಲೆ ಹಾಡು ಓಡುತ್ತಲೇ ಇದೆ, ಸ್ಪೀಕರ್‌ಗಳು ಮಾತ್ರ ಮೂಕವಾಗಿವೆ. ಹತ್ತು ನಿಮಿಷದ ನಂತರ ಹಾಡು ತಾನಾಗಿಯೇ ಮರಳುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಅಂಗಡಿಗೆ ಹೋದರೆ 'ಆಂಪ್ಲಿಫೈಯರ್ ಹೋಗಿದೆ, ಇದಕ್ಕಿಂತ ದೊಡ್ಡದು ಹಾಕಿಸಿ' ಎಂಬ ಸಲಹೆ ಸಿದ್ಧವಾಗಿರುತ್ತದೆ.

ಹಣ ಬಿಚ್ಚುವ ಮೊದಲು ಒಂದು ಕ್ಷಣ ಯೋಚಿಸಬೇಕು. ತಣಿದ ಮೇಲೆ ತಾನಾಗಿಯೇ ಹಾಡತೊಡಗುವ ಆಂಪ್ಲಿಫೈಯರ್ ಕೆಟ್ಟಿರುವ ಸಂಭವ ಕಡಿಮೆ. ಅದು ತನ್ನೊಳಗಿನ ಉಷ್ಣರಕ್ಷಣೆಯ ವ್ಯವಸ್ಥೆಯಿಂದ ತನ್ನನ್ನು ತಾನೇ ಉಳಿಸಿಕೊಂಡಿದೆ, ಅಷ್ಟೆ. ದೋಷ ಹೆಚ್ಚಾಗಿ ಪೆಟ್ಟಿಗೆಯ ಒಳಗಿರುವುದಿಲ್ಲ. ಅದಕ್ಕೆ ಜೋಡಿಸಿದ ಸ್ಪೀಕರ್, ವಿದ್ಯುತ್ ತರುವ ತಂತಿ, ಕೂರಿಸಿದ ಜಾಗ ಇವುಗಳಲ್ಲಿ ಎಲ್ಲೋ ಇರುತ್ತದೆ. ಕಾರಣವನ್ನು ಹುಡುಕದೆ ದೊಡ್ಡ ಆಂಪ್ಲಿಫೈಯರ್ ಹಾಕಿಸಿದರೆ ಕಾವೂ ದೊಡ್ಡದಾಗುತ್ತದೆ.

ಕಾವು ಎಲ್ಲಿಂದ ಬರುತ್ತದೆ?

ಬ್ಯಾಟರಿಯಿಂದ ಪಡೆದ ವಿದ್ಯುತ್ತಿನಲ್ಲಿ ಒಂದು ಭಾಗವನ್ನು ಮಾತ್ರ ಆಂಪ್ಲಿಫೈಯರ್ ಸ್ಪೀಕರ್‌ಗೆ ಕಳುಹಿಸುತ್ತದೆ. ಉಳಿದದ್ದು ಅದರೊಳಗೇ ಶಾಖವಾಗುತ್ತದೆ. ಕಾರುಗಳಲ್ಲಿ ಬಳಕೆಯಾಗುವ ಆಂಪ್ಲಿಫೈಯರ್‌ಗಳಲ್ಲಿ ಎರಡು ಬಗೆ ಮುಖ್ಯ. ಹಳೆಯ ಮಾದರಿಯ 'ಎಬಿ ದರ್ಜೆ'ಯವು ಪೂರ್ಣ ಶಕ್ತಿಯಲ್ಲಿ ಶೇ. 60ರ ಆಸುಪಾಸಿನ ದಕ್ಷತೆ ತೋರಿದರೆ, 'ಡಿ ದರ್ಜೆ'ಯವು ಶೇ. 80ರಿಂದ 90ರಷ್ಟು ತೋರುತ್ತವೆ.

ಲೆಕ್ಕ ಹಾಕಿ ನೋಡೋಣ. ಸ್ಪೀಕರ್‌ಗಳಿಗೆ ಒಟ್ಟು 300 ವಾಟ್ ಕೊಡುವ ಎಬಿ ದರ್ಜೆಯ ಆಂಪ್ಲಿಫೈಯರ್ ಬ್ಯಾಟರಿಯಿಂದ 500 ವಾಟ್ ಎಳೆಯುತ್ತದೆ. ಮಿಕ್ಕ 200 ವಾಟ್ ಶಾಖ. ಹಳೆಯ ಕಾಲದ ನೂರು ವಾಟ್‌ನ ಎರಡು ಬಲ್ಬ್‌ಗಳನ್ನು ಸೀಟಿನ ಕೆಳಗೆ ಉರಿಸಿಟ್ಟಂತೆ ಎಂದರೆ ಚಿತ್ರ ಸ್ಪಷ್ಟವಾದೀತು. ಅಷ್ಟೇ ಧ್ವನಿಗೆ ಶೇ. 85 ದಕ್ಷತೆಯ ಡಿ ದರ್ಜೆಯದು ಸುಮಾರು 53 ವಾಟ್ ಮಾತ್ರ ಶಾಖ ಹೊರಡಿಸುತ್ತದೆ. ಸಂಗೀತದಲ್ಲಿ ಏರಿಳಿತವಿರುವುದರಿಂದ ವಾಸ್ತವದ ಸರಾಸರಿ ಇದಕ್ಕಿಂತ ಕಡಿಮೆಯಿರುತ್ತದೆ. ಆದರೆ ಎಡೆಬಿಡದ ಬಾಸ್ ಇರುವ ಹಾಡುಗಳು ಆ ವಿರಾಮವನ್ನೂ ಕೊಡುವುದಿಲ್ಲ.

ಎಬಿ ದರ್ಜೆಯ ಇನ್ನೊಂದು ಗುಣ ಅನೇಕರಿಗೆ ತಿಳಿದಿಲ್ಲ. ಅದು ಅತಿ ಹೆಚ್ಚು ಶಾಖ ಹೊರಡಿಸುವುದು ಪೂರ್ಣ ಶಕ್ತಿಯಲ್ಲಿ ಅಲ್ಲ, ಸುಮಾರು ಶೇ. 40ರಷ್ಟು ಶಕ್ತಿಯಲ್ಲಿ. 'ನಾನು ಜೋರಾಗಿ ಹಾಕುವುದೇ ಇಲ್ಲ, ಆದರೂ ಬಿಸಿಯಾಗುತ್ತದೆ' ಎನ್ನುವವರ ದೂರಿಗೆ ಉತ್ತರ ಇಲ್ಲಿದೆ.

ಬೆಳಿಗ್ಗೆ ಸರಿ, ಮಧ್ಯಾಹ್ನ ಏಕಿಲ್ಲ?

ಅಮೆರಿಕದ 'ಪೀಡಿಯಾಟ್ರಿಕ್ಸ್' ವೈದ್ಯಕೀಯ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದರಲ್ಲಿ ಶೇ. 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಕಾರಿನಲ್ಲಿ ಬಿಟ್ಟುಹೋದ ಮಕ್ಕಳ ಸುರಕ್ಷತೆಗಾಗಿ ನಡೆದ ಅಧ್ಯಯನವದು. ಆದರೆ ಅದರ ಪಾಠ ಸೀಟಿನ ಕೆಳಗಿನ ಯಂತ್ರಕ್ಕೂ ಅನ್ವಯಿಸುತ್ತದೆ.

ಆಂಪ್ಲಿಫೈಯರ್‌ನ ಲೋಹದ ಮೈ 85 ಡಿಗ್ರಿ ತಲುಪಿದಾಗ ರಕ್ಷಣಾ ವ್ಯವಸ್ಥೆ ಅದನ್ನು ನಿಲ್ಲಿಸುತ್ತದೆ ಎಂದಿಟ್ಟುಕೊಳ್ಳಿ. 25 ಡಿಗ್ರಿಯ ಮುಂಜಾನೆ ಹೊರಟರೆ ಅದಕ್ಕೆ 60 ಡಿಗ್ರಿಯಷ್ಟು ಅವಕಾಶವಿದೆ. ಹೊರಗೆ 40 ಡಿಗ್ರಿ ಇರುವ ಮಧ್ಯಾಹ್ನ, ಕಾರಿನೊಳಗೆ 60 ಮುಟ್ಟಿರುವಾಗ ಉಳಿಯುವುದು 25 ಡಿಗ್ರಿ ಮಾತ್ರ. ಹಾಡು ಅದೇ, ಯಂತ್ರವೂ ಅದೇ. ಅವಕಾಶ ಮಾತ್ರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಬಿಸಿಲಿನಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಧ್ವನಿ ಏರಿಸಬಾರದು. ಕಿಟಕಿಗಳನ್ನು ತೆರೆದು ಬಿಸಿಗಾಳಿಯನ್ನು ಹೊರಗೆ ಬಿಟ್ಟು, ಎಸಿ ಹಾಕಿ, ಹತ್ತು ಹದಿನೈದು ನಿಮಿಷ ಮೆಲುದನಿಯಲ್ಲಿ ಕೇಳುವುದು ಖರ್ಚಿಲ್ಲದ ಮೊದಲ ಉಪಾಯ.

ಓಮ್‌ಗಳ ಲೆಕ್ಕ ತಪ್ಪಿದರೆ

ಸ್ಪೀಕರ್ ಒಡ್ಡುವ ವಿದ್ಯುತ್ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಕಾರಿನ ಸ್ಪೀಕರ್‌ಗಳು ಸಾಮಾನ್ಯವಾಗಿ 4 ಓಮ್‌ನವು. ಇಂತಹ ಎರಡು ಸಬ್‌ವೂಫರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ತಡೆ 2 ಓಮ್‌ಗೆ ಇಳಿಯುತ್ತದೆ, ಸರಣಿಯಲ್ಲಿ ಜೋಡಿಸಿದರೆ 8 ಓಮ್‌ಗೆ ಏರುತ್ತದೆ. ತಡೆ ಇಳಿದಷ್ಟೂ ಆಂಪ್ಲಿಫೈಯರ್ ಹೆಚ್ಚು ವಿದ್ಯುತ್ ಹರಿಸಬೇಕು, ಅಷ್ಟೂ ಹೆಚ್ಚು ಕಾಯಬೇಕು.

ಎರಡು ಚಾನೆಲ್‌ಗಳನ್ನು ಕೂಡಿಸಿ ಒಂದೇ ಸಬ್‌ವೂಫರ್ ನಡೆಸುವ 'ಬ್ರಿಡ್ಜ್' ಜೋಡಣೆಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ 4 ಓಮ್‌ನ ಸಬ್‌ವೂಫರ್ ಪ್ರತಿ ಚಾನೆಲ್‌ಗೆ 2 ಓಮ್‌ನಂತೆ ಕಾಣುತ್ತದೆ. ಸಮಾಂತರದಲ್ಲಿ ಎರಡನ್ನು ಹಾಕಿದರೆ ಚಾನೆಲ್ ಒಂದಕ್ಕೆ 1 ಓಮ್ ಮಾತ್ರ. 'ಬ್ರಿಡ್ಜ್ ಮಾಡಿದಾಗ ಕನಿಷ್ಠ 4 ಓಮ್' ಎಂದು ಕೈಪಿಡಿಯಲ್ಲಿ ಬರೆದಿರುವ ಯಂತ್ರ ಇದನ್ನು ಹೆಚ್ಚು ಕಾಲ ತಾಳಲಾರದು. ತಂತಿಯನ್ನು ಆಂಪ್ಲಿಫೈಯರ್‌ನಿಂದ ಬಿಡಿಸಿ ಮಲ್ಟಿಮೀಟರ್‌ನಲ್ಲಿ ಅಳೆದರೆ ನಿಜ ತಿಳಿಯುತ್ತದೆ. 4 ಓಮ್‌ನ ಸ್ಪೀಕರ್ ಮೂರೂವರೆಯ ಆಸುಪಾಸು ತೋರಿಸುವುದು ಸಹಜ. ಎರಡಕ್ಕಿಂತ ಕಡಿಮೆ ತೋರಿಸಿದರೆ ಜೋಡಣೆಯನ್ನು ಬದಲಿಸಲೇಬೇಕು.

ತಂತಿ ಸಣ್ಣದಾದರೆ

ಬ್ಯಾಟರಿಯಿಂದ ಡಿಕ್ಕಿಯವರೆಗೆ ಸುಮಾರು ಐದು ಮೀಟರ್ ತಂತಿ ಬೇಕಾಗುತ್ತದೆ. ಅದರಲ್ಲಿ 60 ಆಂಪಿಯರ್ ಹರಿಯುವಾಗ, 16 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ತಂತಿಯಲ್ಲಿ 0.3 ವೋಲ್ಟ್‌ನಷ್ಟು ಕಳೆದುಹೋಗುತ್ತದೆ. 6 ಚದರ ಮಿಲಿಮೀಟರ್‌ನದಾದರೆ ಸುಮಾರು 0.86 ವೋಲ್ಟ್. ಅಂದರೆ 50 ವಾಟ್ ಶಾಖ ತಂತಿಯಲ್ಲೇ. ಅಗ್ಗದ ಕಿಟ್‌ಗಳಲ್ಲಿ ಬರುವ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪವಿರುವ ತಂತಿಯಾದರೆ ನಷ್ಟ ಇನ್ನೂ ಒಂದೂವರೆ ಪಟ್ಟು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಶುದ್ಧ ತಾಮ್ರವಲ್ಲ.

ವೋಲ್ಟೇಜ್ ಇಳಿದರೆ ಆಂಪ್ಲಿಫೈಯರ್ ಏಕೆ ಕಾಯಬೇಕು? ಒಳಗಿನ ವಿದ್ಯುತ್ ಪೂರೈಕೆಯನ್ನು ಸ್ಥಿರವಾಗಿಡುವ ಮಾದರಿಗಳು, ಕಡಿಮೆಯಾದ ವೋಲ್ಟೇಜನ್ನು ಹೆಚ್ಚು ಆಂಪಿಯರ್ ಎಳೆದು ಸರಿದೂಗಿಸುತ್ತವೆ. ಆಂಪಿಯರ್ ಹೆಚ್ಚಿದಂತೆ ಶಾಖ ಅದರ ವರ್ಗದಷ್ಟು ಹೆಚ್ಚುತ್ತದೆ. ಇಂಜಿನ್ ನಿಲ್ಲಿಸಿ ಹಾಡು ಕೇಳುವಾಗಲೂ ಇದೇ ಆಗುತ್ತದೆ. ಇಂಜಿನ್ ಓಡುವಾಗ 14 ವೋಲ್ಟ್‌ನ ಹತ್ತಿರ ಇರುವುದು ಆಗ 12.6ಕ್ಕೆ, ಬ್ಯಾಟರಿ ದಣಿದಂತೆ ಅದಕ್ಕಿಂತ ಕೆಳಕ್ಕೆ ಇಳಿಯುತ್ತದೆ.

ಅರ್ಥ್ ತಂತಿಯನ್ನು ಮರೆಯಬಾರದು. ಅದು ವಿದ್ಯುತ್ ತಂತಿಯಷ್ಟೇ ದಪ್ಪವಿರಬೇಕು, ಅರ್ಧ ಮೀಟರಿಗಿಂತ ಗಿಡ್ಡವಿರಬೇಕು, ಬಣ್ಣ ಕೆರೆದು ತೆಗೆದ ಲೋಹಕ್ಕೆ ಬಿಗಿಯಾಗಿ ಕೂರಬೇಕು. ತೂತು ಕೊರೆಯುವ ಮೊದಲು ಕಾರಿನ ಕೆಳಗೆ ಬಗ್ಗಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಎಲ್ಲಿವೆಯೆಂದು ನೋಡುವುದು ಕಡ್ಡಾಯ.

ಫ್ಯೂಸ್ ಹೇಳುವ ಸತ್ಯ

ಪೆಟ್ಟಿಗೆಯ ಮೇಲೆ '2000 ವಾಟ್' ಎಂದು ಅಚ್ಚಾಗಿದ್ದರೆ ಬದಿಯಲ್ಲಿರುವ ಫ್ಯೂಸ್ ನೋಡಿ. 30 ಆಂಪಿಯರ್‌ನ ಫ್ಯೂಸ್ ಇದ್ದರೆ ಅದರ ಮೂಲಕ ಸತತವಾಗಿ ಬರಬಲ್ಲದ್ದು 13.8 ವೋಲ್ಟ್‌ನಲ್ಲಿ 414 ವಾಟ್. ಶೇ. 60 ದಕ್ಷತೆಯೆಂದರೆ ಧ್ವನಿಗೆ ಸಿಗುವುದು ಸುಮಾರು 250 ವಾಟ್. ಉಳಿದದ್ದು ಜಾಹೀರಾತು. ಇಂತಹ ಗೊಂದಲ ತಪ್ಪಿಸಲೆಂದೇ ಅಮೆರಿಕದ ಉದ್ಯಮ ಸಂಘಟನೆ 2003ರಲ್ಲಿ ಮಾನದಂಡವೊಂದನ್ನು ತಂದಿತು. ಈಗ ಅದು ಸಿಟಿಎ-2006 ಎಂಬ ಹೆಸರಿನಲ್ಲಿದೆ. 14.4 ವೋಲ್ಟ್‌ನಲ್ಲಿ, 4 ಓಮ್ ಹೊರೆಗೆ, ಶೇ. 1ಕ್ಕಿಂತ ಹೆಚ್ಚು ವಿಕೃತಿಯಿಲ್ಲದೆ ಕೊಡಬಲ್ಲ ಶಕ್ತಿಯನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಫ್ಯೂಸ್ ಪದೇ ಪದೇ ಸುಟ್ಟುಹೋಗುತ್ತಿದ್ದರೆ ಅದಕ್ಕಿಂತ ದೊಡ್ಡದನ್ನು ಹಾಕುವುದಾಗಲಿ, ಸಿಗರೇಟ್ ಪ್ಯಾಕಿನ ಹಾಳೆ ಸುತ್ತುವುದಾಗಲಿ ಬೆಂಕಿಗೆ ಆಹ್ವಾನ. ಬ್ಯಾಟರಿಯಿಂದ ಅರ್ಧ ಮೀಟರಿನೊಳಗೆ ಇನ್ನೊಂದು ಫ್ಯೂಸ್ ಇರಲೇಬೇಕು. ತಂತಿ ಎಲ್ಲಾದರೂ ಸವೆದು ಕಾರಿನ ಮೈಗೆ ತಾಗಿದರೆ ಇಡೀ ಕಾರನ್ನು ಉಳಿಸುವುದು ಅದೊಂದೇ.

ಗೇನ್ ಎಂದರೆ ವಾಲ್ಯೂಮ್ ಅಲ್ಲ

ಆಂಪ್ಲಿಫೈಯರ್ ಮೇಲಿನ 'ಗೇನ್' ತಿರುಪನ್ನು ಕೊನೆಯವರೆಗೆ ತಿರುಗಿಸಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ಟೀರಿಯೊದಿಂದ ಬರುವ ಸಂಕೇತಕ್ಕೂ ಆಂಪ್ಲಿಫೈಯರ್‌ಗೂ ಹೊಂದಿಕೆ ಮಾಡುವುದಷ್ಟೇ ಅದರ ಕೆಲಸ. ಅತಿಯಾಗಿ ಏರಿಸಿದರೆ ಅಲೆಗಳ ತುದಿ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ, ಸರಾಸರಿ ಹೊರೆ ಏರುತ್ತದೆ, ಆಂಪ್ಲಿಫೈಯರ್ ಜೊತೆಗೆ ಸ್ಪೀಕರಿನ ಸುರುಳಿಯೂ ಸುಡುತ್ತದೆ.

ಸರಿಪಡಿಸುವ ಕ್ರಮ ಸುಲಭ. ಸ್ಪೀಕರ್ ತಂತಿಗಳನ್ನು ಬಿಡಿಸಿ, ಗೇನ್ ಪೂರ್ತಿ ಇಳಿಸಿ. ಬಾಸ್ ಬೂಸ್ಟ್ ಬಂದ್ ಮಾಡಿ. ಸ್ಟೀರಿಯೊದ ಧ್ವನಿಯನ್ನು ಮುಕ್ಕಾಲು ಭಾಗಕ್ಕೆ ಇಟ್ಟು 50 ಹರ್ಟ್ಸ್‌ನ ಪರೀಕ್ಷಾ ಸ್ವರ ನುಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್ಲಿಫೈಯರ್‌ನ ಹೊರತುದಿಗಳನ್ನು ಅಳೆಯುತ್ತಾ ಗೇನನ್ನು ನಿಧಾನವಾಗಿ ಏರಿಸಿ. ವಾಟ್ ಮತ್ತು ಓಮ್‌ಗಳ ಗುಣಲಬ್ಧದ ವರ್ಗಮೂಲವೇ ತಲುಪಬೇಕಾದ ವೋಲ್ಟ್. 4 ಓಮ್‌ಗೆ 100 ವಾಟ್ ಕೊಡುವ ಯಂತ್ರವಾದರೆ 20 ವೋಲ್ಟ್. ಅಲ್ಲಿಗೆ ನಿಲ್ಲಿಸಿ. ಬಾಗಿಲಿನ ಸಣ್ಣ ಸ್ಪೀಕರ್‌ಗಳನ್ನು ನಡೆಸುವ ಚಾನೆಲ್‌ಗಳಲ್ಲಿ ಆಮೇಲೆ 80 ಹರ್ಟ್ಸ್‌ನ ಹೈ-ಪಾಸ್ ಫಿಲ್ಟರ್ ಹಾಕಿದರೆ, ಆ ಸ್ಪೀಕರ್‌ಗಳು ನುಡಿಸಲಾಗದ ಬಾಸ್‌ಗಾಗಿ ಆಂಪ್ಲಿಫೈಯರ್ ವೃಥಾ ದುಡಿಯುವುದು ತಪ್ಪುತ್ತದೆ.

ಎಲ್ಲಿ ಕೂರಿಸಬೇಕು?

ಆಂಪ್ಲಿಫೈಯರ್ ಮೈಮೇಲಿನ ಅಲ್ಯೂಮಿನಿಯಂ ಪಟ್ಟಿಗಳು ಅಲಂಕಾರಕ್ಕಲ್ಲ. ಒಳಗಿನ ಶಾಖ ಗಾಳಿಗೆ ಸೇರುವುದು ಅವುಗಳ ಮೂಲಕವೇ. ಬಿಸಿಗಾಳಿ ಮೇಲೇರುತ್ತದೆ, ತಂಪುಗಾಳಿ ಕೆಳಗಿನಿಂದ ಬರುತ್ತದೆ. ಆದ್ದರಿಂದ ಪಟ್ಟಿಗಳು ಲಂಬವಾಗಿ ನಿಲ್ಲುವಂತೆ ಹಿಂದಿನ ಸೀಟಿನ ಬೆನ್ನಿಗೆ ಕೂರಿಸುವುದು ಉತ್ತಮ. ನೆಲದ ಮೇಲಾದರೆ ಪಟ್ಟಿಗಳು ಮೇಲ್ಮುಖವಾಗಿರಲಿ. ತಲೆಕೆಳಗಾಗಿ ತೂಗುಹಾಕಿದರೆ ಬಿಸಿಗಾಳಿ ಅದರ ಮೈಗೇ ಅಂಟಿಕೊಂಡು ನಿಲ್ಲುತ್ತದೆ. ಸುತ್ತಲೂ ನಾಲ್ಕೈದು ಬೆರಳಿನಷ್ಟು ಜಾಗ ಬಿಡಬೇಕು. ದಪ್ಪ ಕಾರ್ಪೆಟ್ ಮೇಲೆ ನೇರವಾಗಿ ಇಡದೆ, ತೆಳುವಾದ ಹಲಗೆಯನ್ನು ಬಿಗಿದು ಅದರ ಮೇಲೆ ಕೂರಿಸಬಹುದು.

ಸಬ್‌ವೂಫರ್ ಪೆಟ್ಟಿಗೆಗೇ ಆಂಪ್ಲಿಫೈಯರ್ ಬಿಗಿಯುವುದು ಬೇಡ. ಸತತ ಕಂಪನದಿಂದ ಬೆಸುಗೆಗಳು ಸಡಿಲವಾಗುತ್ತವೆ. ಮುಂದಿನ ಸೀಟಿನ ಕೆಳಗಿನ ಜಾಗ ಎಸಿ ಗಾಳಿ ತಲುಪುವುದರಿಂದ ಸಣ್ಣ ಡಿ ದರ್ಜೆಯ ಯಂತ್ರಕ್ಕೆ ಒಪ್ಪುತ್ತದೆ. ಆದರೆ ಮಳೆಗಾಲದಲ್ಲಿ ಒದ್ದೆ ಮ್ಯಾಟಿನ ನೀರು ತಾಗದಂತೆ ಎತ್ತರಿಸಬೇಕು. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇರುವ ಕಾರುಗಳಲ್ಲಿ ಸಿಲಿಂಡರ್‌ಗಾಗಲಿ ಅದರ ಪೈಪಿನ ಹತ್ತಿರವಾಗಲಿ ಏನನ್ನೂ ಬಿಗಿಯಬಾರದು, ತೂತು ಕೊರೆಯಬಾರದು. ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದಿದೆ. ಊರಿಗೆ ಹೊರಟಾಗ ಬ್ಯಾಗು, ಹೊದಿಕೆಗಳನ್ನು ಆಂಪ್ಲಿಫೈಯರ್ ಮೇಲೇ ಪೇರಿಸುವುದು. ವಾರವಿಡೀ ಸರಿಯಾಗಿ ಹಾಡಿದ್ದು ಪ್ರಯಾಣದ ದಿನವೇ ಕೈಕೊಡುವುದು ಇದರಿಂದ.

ಫ್ಯಾನ್ ಕೊನೆಯ ಉಪಾಯ

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕಾವು ಇಳಿಯದಿದ್ದರೆ ಫ್ಯಾನ್ ಹಾಕಿಸಬಹುದು. ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, 80 ಅಥವಾ 120 ಮಿಲಿಮೀಟರಿನದು, ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಗಾಳಿ ಪಟ್ಟಿಗಳ ಉದ್ದಕ್ಕೂ ಹರಿಯಬೇಕು, ಅಡ್ಡವಾಗಿ ಅಲ್ಲ. ಬಂದ ಗಾಳಿ ಹೊರಹೋಗಲು ಎದುರು ತುದಿ ತೆರೆದಿರಬೇಕು. ಮುಚ್ಚಿದ ಪೆಟ್ಟಿಗೆಯೊಳಗಿನ ಫ್ಯಾನ್ ಅದೇ ಬಿಸಿಗಾಳಿಯನ್ನು ಸುತ್ತಿಸುತ್ತಿರುತ್ತದೆ.

ಸ್ಟೀರಿಯೊದಿಂದ ಬರುವ ರಿಮೋಟ್ ತಂತಿಗೆ ಫ್ಯಾನನ್ನು ನೇರವಾಗಿ ಜೋಡಿಸಬಾರದು. ಆ ತಂತಿ ಸಂಕೇತಕ್ಕಾಗಿ ಇರುವಂಥದ್ದು, ಹೊರೆಗಲ್ಲ. ರಿಲೇ ಒಂದನ್ನು ನಡುವೆ ಹಾಕಿ, ಫ್ಯಾನಿಗೆ ಪ್ರತ್ಯೇಕ ಸಣ್ಣ ಫ್ಯೂಸ್ ಕೊಡಿ. ನಮ್ಮ ರಸ್ತೆಗಳ ಧೂಳನ್ನು ನೆನೆದು, ಆರು ತಿಂಗಳಿಗೊಮ್ಮೆ ಒಣ ಕುಂಚದಿಂದ ಪಟ್ಟಿಗಳನ್ನು ಒರೆಸಿ. ಧೂಳಿನ ಪದರವೇ ಒಂದು ಕಂಬಳಿ.

ನಿಂತಾಗ ಏನು ಮಾಡಬೇಕು?

ಹಾಡು ನಿಂತರೆ ಮೊದಲು ಧ್ವನಿ ಇಳಿಸಿ ಸ್ಟೀರಿಯೊ ಆರಿಸಿ. ಓಡುವ ಕಾರಿನಲ್ಲಿ ಹಿಂದಕ್ಕೆ ತಿರುಗಿ ಪರೀಕ್ಷಿಸುವ ಆತುರ ಬೇಡ. ಬದಿಗೆ ನಿಲ್ಲಿಸಿದ ಮೇಲೆ ಆಂಪ್ಲಿಫೈಯರ್‌ನ ಎಚ್ಚರಿಕೆಯ ದೀಪ ನೋಡಿ. ತಣಿದ ನಂತರ ಮರಳಿದರೆ ಕಾರಣ ಕಾವು. ಪೂರ್ತಿ ತಣ್ಣಗಿದ್ದಾಗಲೂ ದೀಪ ಕೆಂಪಾಗಿಯೇ ಉಳಿದರೆ ಸ್ಪೀಕರ್ ತಂತಿ ಎಲ್ಲೋ ಕಾರಿನ ಮೈಗೆ ತಾಗಿರಬಹುದು, ಇಲ್ಲವೇ ಒಳಗೆ ನಿಜವಾಗಿಯೂ ದೋಷವಿರಬಹುದು. ಆಗ ತಂತ್ರಜ್ಞರ ಬಳಿಗೆ ಹೋಗುವುದೇ ಸರಿ. ಸುಟ್ಟ ವಾಸನೆ ಬಂದರೆ ಇಂಜಿನ್ ನಿಲ್ಲಿಸಿ ಎಲ್ಲರೂ ಇಳಿದು ದೂರ ಸರಿಯಿರಿ. ಹೊಗೆಯಾಗಲಿ ಜ್ವಾಲೆಯಾಗಲಿ ಕಾಣದಿದ್ದರೆ ಮಾತ್ರ ಬ್ಯಾಟರಿಯ ಬಳಿಯ ಫ್ಯೂಸ್ ತೆಗೆಯಬೇಕು.

ರಕ್ಷಣಾ ವ್ಯವಸ್ಥೆ ಇದೆಯೆಂದು ದಿನವೂ ಅದನ್ನೇ ನೆಚ್ಚಿ ನಡೆಸುವುದೂ ಜಾಣತನವಲ್ಲ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಉಷ್ಣತೆ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ 10 ಡಿಗ್ರಿ ತಗ್ಗಿಸಿದರೆ ಆಯುಷ್ಯ ಇಮ್ಮಡಿಯಾಗುತ್ತದೆ. ಒಂದು ಗಿಡ್ಡ ಅರ್ಥ್ ತಂತಿ, ಸರಿಯಾದ ಜೋಡಣೆ, ಇಳಿಸಿದ ಗೇನ್, ಮೇಲಿನಿಂದ ತೆಗೆದಿಟ್ಟ ಒಂದು ಬ್ಯಾಗು, ಇಷ್ಟರಿಂದಲೇ ಆ 10 ಡಿಗ್ರಿ ಸಿಗಬಹುದು. ಹೊಸ ಆಂಪ್ಲಿಫೈಯರ್ ಕೊಳ್ಳುವ ಮಾತು ಅದರ ನಂತರ ಇರಲಿ.