ಕನ್ನಡದ ಸುಳಿವು ಸಿಕ್ಕ ಊರಿನಲ್ಲಿ ಒಬ್ಬ ತಾಯಿಯ ಬಿಡುಗಡೆ

ವಾಷಿಂಗ್ಟನ್ ರಾಜ್ಯದ ಶಾಲೆಗಳಲ್ಲಿ ಆರನೇ ತರಗತಿ ಎಂದರೆ ಪ್ರಾಚೀನ ನಾಗರಿಕತೆಗಳ ಪಾಠ. ಬೆಲ್‌ವ್ಯೂ, ಸಮಾಮಿಶ್ ಕಡೆಯ ನಮ್ಮ ಮಕ್ಕಳೂ ಇದನ್ನು ಓದುತ್ತಾರೆ. ಚಕ್ರವರ್ತಿಗಳ ಹೆಸರು ಸರಿ, ಆದರೆ ರೋಮನ್ನರ ಕಾಲದಲ್ಲಿ ಸಾಮಾನ್ಯರ ಮನೆಯೊಳಗೆ ಏನು ನಡೆಯುತ್ತಿತ್ತು? ಇದನ್ನು ಹೇಳಲು ನಮಗೆ ನಂಟಿರುವ ಊರೊಂದಿದೆ: ಈಜಿಪ್ಟಿನ ಆಕ್ಸಿರಿಂಕಸ್.

ಇದು ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್. 1896ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ಅಲ್ಲಿನ ಹಳೆಯ ಕಸದ ದಿಬ್ಬಗಳನ್ನು ಅಗೆಯಲು ಶುರುಮಾಡಿದರು. ಒಣ ಮರಳಿನಲ್ಲಿ ಪಪೈರಸ್ ಹಾಳೆಗಳು ಕೊಳೆಯದೆ ಉಳಿದಿದ್ದವು. ಅವುಗಳಲ್ಲೊಂದು ಗ್ರೀಕ್ ಪ್ರಹಸನ. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಹುಡುಗಿಯ ಕಥೆ. ಅದರಲ್ಲಿ ಭಾರತೀಯರು ಆಡುವ ಮಾತು ಕನ್ನಡ ಎಂದು ಹುಲ್ಟ್ಸ್ 1904ರಲ್ಲಿ ವಾದಿಸಿದರು, ನಮ್ಮ ಆರ್. ಶಾಮಶಾಸ್ತ್ರಿಗಳೂ ಬೆಂಬಲಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ ಎನ್ನುವುದನ್ನೂ ಮಕ್ಕಳಿಗೆ ಹೇಳಬೇಕು.

ನನಗೆ ಆ ಪ್ರಹಸನಕ್ಕಿಂತ ದೊಡ್ಡದಾಗಿ ಕಾಣುವುದು ಅದೇ ಊರಿನ ಇನ್ನೊಂದು ಹಾಳೆ, ಕ್ರಿ.ಶ. 291ರ ಬಿಡುಗಡೆ ಪತ್ರ. ಪರಮೋನೆ ಎಂಬ ನಲವತ್ತು ವರ್ಷದ ಹೆಂಗಸು ಗುಲಾಮಳು. ಅವಳಿಗೆ ಇಬ್ಬರು ಮಕ್ಕಳು, ಒಂದಕ್ಕೆ ಹತ್ತು ವರ್ಷ, ಯಾಕೋಬನಿಗೆ ನಾಲ್ಕು. ಒಡೆಯರು ಒಬ್ಬ ಸೋದರ, ಒಬ್ಬ ಸೋದರಿ. ಮೂವರನ್ನೂ ಬಿಡಿಸಲು ಹದಿನಾಲ್ಕು ಟ್ಯಾಲೆಂಟ್ ಬೆಳ್ಳಿ ಕೊಟ್ಟದ್ದು ಯಹೂದಿ ಸಮುದಾಯ. ಒಂದು ಟ್ಯಾಲೆಂಟ್ ಎಂದರೆ ಆರು ಸಾವಿರ ದ್ರಾಕ್ಮಾ, ಒಟ್ಟು 84,000. ಹಣ ಸಲ್ಲಿಸಿದ ಇಬ್ಬರಲ್ಲಿ ಒಬ್ಬ ಪ್ಯಾಲೆಸ್ಟೈನಿನ ಓನೋ ಪಟ್ಟಣದ ನಗರಸಭಾ ಸದಸ್ಯ. ಅಂದರೆ ನಂಟು ಈಜಿಪ್ಟಿನಾಚೆಗೂ ಇತ್ತು. (ನಮ್ಮ ಸಂಘಗಳಲ್ಲಿ ಯುಗಾದಿ ಊಟಕ್ಕೆ ಹಣ ಕೂಡಿಸಿದವರಿಗೆ ಈ ಮೊತ್ತದ ತೂಕ ಗೊತ್ತಾದೀತು.)

ಇದು ಸುಲಭದ ಕಾಲವಾಗಿರಲಿಲ್ಲ. 115ರಿಂದ 117ರವರೆಗೆ ಯಹೂದಿಗಳು ರೋಮ್ ವಿರುದ್ಧ ಬಂಡೆದ್ದು ಸೋತಿದ್ದರು. ಈಜಿಪ್ಟಿನಲ್ಲಿ ಅವರ ನೆಲೆಯೇ ಬಹುಪಾಲು ಅಳಿದುಹೋಗಿತ್ತು. ಆ ಗೆಲುವಿನ ಹಬ್ಬವನ್ನು ಊರವರು ಸುಮಾರು 200ರಲ್ಲೂ ಆಚರಿಸುತ್ತಿದ್ದರೆಂದು ಒಂದು ಅರ್ಜಿ ಹೇಳುತ್ತದೆ. ತಮ್ಮ ಸೋಲನ್ನೇ ವರ್ಷವರ್ಷ ಮೆರೆಸಿದ ಊರಲ್ಲಿ ಅವರು ಮತ್ತೆ ಕೂಡಿ, ಒಬ್ಬ ತಾಯಿಯನ್ನು ಮಕ್ಕಳ ಸಮೇತ ಬಿಡಿಸಿಕೊಂಡರು. ಹತ್ತು ವರ್ಷದ ಆ ಮಗುವಿನ ಕುತ್ತಿಗೆಯ ಮೇಲಿನ ಗಾಯದ ಗುರುತನ್ನೂ ಪತ್ರ ದಾಖಲಿಸಿದೆ.

ಕ್ರೈಸ್ತರ ಸರದಿ ಬಂದದ್ದು 303ರಲ್ಲಿ, ಡಯೋಕ್ಲೀಷಿಯನ್ ಚಕ್ರವರ್ತಿಯ ಕಿರುಕುಳದೊಂದಿಗೆ. ಕೊಪ್ರೆಸ್ ಎಂಬಾತ ವ್ಯಾಜ್ಯಕ್ಕೆಂದು ಪರವೂರಿಗೆ ಹೋದವನು ಹೆಂಡತಿ ಸರಪಿಯಸ್‌ಗೆ ಕಾಗದ ಬರೆಯುತ್ತಾನೆ: ನ್ಯಾಯಾಲಯಕ್ಕೆ ಬಂದವರೆಲ್ಲ ದೇವತೆಗಳಿಗೆ ಬಲಿ ಅರ್ಪಿಸಬೇಕಂತೆ, ಅದಕ್ಕೆ ತನ್ನ ಸೋದರನಿಗೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟಿದ್ದೇನೆ. ಬೆಂಗಳೂರಿನ ಸೈಟಿಗಾಗಿ ನಾವು ಅಣ್ಣನಿಗೋ ಭಾವನಿಗೋ ಬರೆದುಕೊಡುವಂಥದ್ದೇ ಕಾಗದ! ಹುತಾತ್ಮರ ಕಥೆಗಳ ನಡುವೆ ಈ ಸಂಸಾರಸ್ಥನ ಉಪಾಯ ಕಾಣುವುದು ಅಪರೂಪ. ಆತ ನಂಬಿಕೆಯನ್ನೂ ಬಿಡಲಿಲ್ಲ, ಮೊಕದ್ದಮೆಯನ್ನೂ ಬಿಡಲಿಲ್ಲ.

ಕಾಗದದ ಕೊನೆಯಲ್ಲಿ ಒಂದು ಸಂಖ್ಯೆಯಿದೆ: 99. ಗ್ರೀಕರಲ್ಲಿ ಅಕ್ಷರಗಳೇ ಅಂಕಿಗಳು. ‘ಆಮೆನ್’ ಪದದ ನಾಲ್ಕು ಅಕ್ಷರಗಳ ಬೆಲೆ 1, 40, 8, 50. ಮಕ್ಕಳ ಕೈಲೇ ಕೂಡಿಸಿ ನೋಡಿ.