ಮೆಟ್ಟಿಲ ಕೆಳಗಿನ ಬ್ಯಾಟರಿ

2024ರ ನವೆಂಬರ್ 19ರ ಸಂಜೆ ಬೆಂಗಳೂರಿನ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ, ನವರಂಗ್ ಚಿತ್ರಮಂದಿರದ ಬಳಿ, ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿತ್ತು. ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಯುವತಿ ಹೊರಬರಲಾಗದೆ ತೀರಿಕೊಂಡಳು. ಅದಕ್ಕೂ ಎರಡು ವರ್ಷ ಮೊದಲು, 2022ರ ಸೆಪ್ಟೆಂಬರ್ 12ರ ರಾತ್ರಿ, ಸಿಕಂದರಾಬಾದಿನಲ್ಲಿ ಇಂಥದೇ ಅನಾಹುತವಾಗಿತ್ತು. ಕೆಳಗೆ ಸ್ಕೂಟರ್ ಮಳಿಗೆ, ಮೇಲೆ ಲಾಡ್ಜ್. ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲೇರಿತು. ಎಂಟು ಮಂದಿ ಸತ್ತರು.

ಎರಡೂ ಕಡೆ ಬೆಂಕಿಯಷ್ಟೇ ಮುಖ್ಯವಾದದ್ದು ಜನ ಹೊರಬರಬೇಕಿದ್ದ ದಾರಿ. ಬ್ಯಾಟರಿ ಯಾವ ಕಂಪನಿಯದು ಎಂದು ವಿಚಾರಿಸುವ ನಾವು ಅದನ್ನು ಎಲ್ಲಿಟ್ಟಿದ್ದೇವೆ ಎಂದು ನೋಡುವುದು ಕಡಿಮೆ.

ಲಿಥಿಯಂ ಸೆಲ್ಲಿನೊಳಗೆ ಎರಡು ಧ್ರುವಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ, ಸುತ್ತ ಹೊತ್ತಿಕೊಳ್ಳಬಲ್ಲ ದ್ರವ. ಪೆಟ್ಟು ಬಿದ್ದರೆ, ನೀರು ನುಗ್ಗಿದರೆ, ಹೊಂದದ ಚಾರ್ಜರ್ ಹಾಕಿ ಮಿತಿಮೀರಿ ಚಾರ್ಜ್ ಮಾಡಿದರೆ ಸೆಲ್ ಕಾಯುತ್ತದೆ. ಸುಮಾರು 130 ಡಿಗ್ರಿಯ ಹೊತ್ತಿಗೆ ಸಾಮಾನ್ಯ ಪಾಲಿಥಿನ್ ಹಾಳೆ ಕರಗಿ, ಧ್ರುವಗಳು ಒಂದಕ್ಕೊಂದು ತಾಗುತ್ತವೆ. ಆಮೇಲೆ ಪ್ಲಗ್ ಕಿತ್ತರೂ ಪ್ರಯೋಜನವಿಲ್ಲ. ಒಳಗಿನ ರಾಸಾಯನಿಕ ಕ್ರಿಯೆ ತಾನೇ ಶಾಖ ಹುಟ್ಟಿಸಿಕೊಂಡು ಪಕ್ಕದ ಸೆಲ್ಲನ್ನೂ ಕಾಯಿಸುತ್ತದೆ. ನಿಕ್ಕಲ್, ಕೋಬಾಲ್ಟ್ ಇರುವ ಸೆಲ್‌ಗಳು ಆಮ್ಲಜನಕವನ್ನೂ ಬಿಡುಗಡೆ ಮಾಡುವುದರಿಂದ ಮರಳು ಸುರಿದು, ಕಂಬಳಿ ಹೊದಿಸಿ ಈ ಬೆಂಕಿಯನ್ನು ಉಸಿರುಗಟ್ಟಿಸಲಾಗದು. ಅಗ್ನಿಶಾಮಕದವರು ಧಾರಾಳ ನೀರು ಹೊಯ್ದು ತಣಿಸುತ್ತಾರೆ. ಆರಿತೆಂದುಕೊಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದೂ ಉಂಟು.

ಮನೆಯ ಯುಪಿಎಸ್‌ಗೆ ಈಗ ಬರುತ್ತಿರುವ ಲಿಥಿಯಂ ಬ್ಯಾಟರಿಗಳಲ್ಲಿ ಹೆಚ್ಚಿನವು ಕಬ್ಬಿಣ-ಫಾಸ್ಫೇಟ್ ಬಗೆಯವು. ಇವು ಹೆಚ್ಚು ಶಾಖ ತಡೆದುಕೊಳ್ಳುತ್ತವೆ, ನಿಜ. ‘ಹೊತ್ತಿಕೊಳ್ಳುವುದೇ ಇಲ್ಲ ಸಾರ್’ ಎನ್ನುವ ಮಾರಾಟಗಾರನ ಮಾತನ್ನು ಮಾತ್ರ ನಂಬಬೇಡಿ. ಕೆಟ್ಟಾಗ ಇವೂ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್‌ನಂಥ ಅನಿಲ ಉಗುಳುತ್ತವೆ. ಮುಚ್ಚಿದ ಜಾಗದಲ್ಲಿ ಇಂಥ ಅನಿಲ ತುಂಬಿಕೊಂಡರೆ ಏನಾಗುತ್ತದೆಂದು ಅಮೆರಿಕದ ಅರಿಜೋನಾದಲ್ಲಿ 2019ರ ಏಪ್ರಿಲ್‌ನಲ್ಲಿ ಗೊತ್ತಾಯಿತು. ಅದು ಬೇರೆ ಬಗೆಯ ಲಿಥಿಯಂ ಬ್ಯಾಟರಿಗಳ ವಿದ್ಯುತ್ ಸಂಗ್ರಹ ಕೇಂದ್ರ. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ತೀವ್ರವಾಗಿ ಗಾಯಗೊಂಡರು.

ಇನ್ನು ನಮ್ಮ ಮನೆಗಳು. ಇಪ್ಪತ್ತು-ಮೂವತ್ತರ ಸೈಟು, ಮೂರು ಮಹಡಿ, ಮಹಡಿಗೊಂದು ಬಾಡಿಗೆ ಸಂಸಾರ, ಎಲ್ಲರಿಗೂ ಒಂದೇ ಮೆಟ್ಟಿಲು. ಅದು ಇಳಿಯುವುದು ಪಾರ್ಕಿಂಗ್‌ಗೆ. ಮೀಟರ್ ಬೋರ್ಡು, ಚಾರ್ಜ್‌ಗೆ ಹಾಕಿದ ಸ್ಕೂಟರು, ಮಗ್ಗುಲಲ್ಲೇ ಪೆಟ್ರೋಲ್ ಬೈಕು, ಎಲ್ಲ ಅಲ್ಲೇ. ಮಲಗುವಾಗ ಗೇಟಿಗೆ ಬೀಗ ಬೇರೆ! ಸಿಕಂದರಾಬಾದಿನ ಕಟ್ಟಡಕ್ಕೂ ಇದಕ್ಕೂ ಲಕ್ಷಣದಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಹಾಗಾಗಿ ಗಾಡಿಯನ್ನು ಮೆಟ್ಟಿಲಿನಿಂದ ದೂರ, ಗಾಳಿಯಾಡುವ ಕಡೆ, ಗೇಟಿಗೆ ಅಡ್ಡವಾಗದಂತೆ ನಿಲ್ಲಿಸಿ, ಕಂಪನಿ ಕೊಟ್ಟ ಚಾರ್ಜರಿನಿಂದ, ಎಚ್ಚರವಿರುವ ಹೊತ್ತಿನಲ್ಲಿ ಚಾರ್ಜ್ ಮಾಡಿ. ಕಳಚುವ ಬ್ಯಾಟರಿಯನ್ನು ಮಲಗುವ ಕೋಣೆಗೆ, ಬಾಗಿಲ ಬುಡಕ್ಕೆ ತರಬೇಡಿ. ಅದು ಉಬ್ಬಿದ್ದರೆ, ಸಿಹಿ ಕಲೆತ ರಾಸಾಯನಿಕದ ವಾಸನೆ ಬಂದರೆ ಮತ್ತೆ ಚಾರ್ಜ್‌ಗೆ ಹಾಕದೆ ಸರ್ವಿಸ್‌ನವರನ್ನು ಕರೆಸಿ. ಹೊಗೆ ಕಂಡರೆ ಗಾಡಿ ಉಳಿಸಲು ಹೋಗದೆ ಮೇಲಿನವರನ್ನು ಕೂಗಿ ಹೊರಗೆ ಕರೆದು, 112ಕ್ಕೆ ಫೋನ್ ಮಾಡಿ. ಕೆಳಗೆ ಹೊಗೆಯಿದ್ದು ಮೇಲಿನ ಮೆಟ್ಟಿಲು ತಿಳಿಯಾಗಿದ್ದರೆ ಇಳಿಯದೆ ತಾರಸಿಗೆ ಹೋಗಿ; ಮೆಟ್ಟಿಲೆಲ್ಲ ಆಗಲೇ ಹೊಗೆಯಿಂದ ತುಂಬಿದ್ದರೆ ಮನೆಯೊಳಗೇ ಬಾಗಿಲು ಮುಚ್ಚಿಕೊಂಡು ಕಿಟಕಿಯ ಬಳಿ ನಿಂತು ಸಹಾಯಕ್ಕೆ ಕೂಗಿ. ತಾರಸಿ ಬಾಗಿಲಿನ ಬೀಗದ ಕೈ ಪ್ರತಿ ಬಾಡಿಗೆದಾರರ ಹತ್ತಿರವೂ ಇರಲಿ.